ಬಾಗ್ಲ್ ಹಾಕ್ಬೇಡ

ಆ ಹಾಡಿನ ಪಲ್ಲವಿಯ ನಿಜವಾದ ಮಾತು ‘ಬ್ಲ್ಯಾಕ್ ಹಾರ್ಬರ್ ಡೇ’. ಇಂಗ್ಲೆಂಡಿನ ಒಂದು ಬಂದರಿನಲ್ಲಿ ಕೆಲಸ ನಿಂತುಹೋದ ದಿನದ ಮೇಲೆ ಕಟ್ಟಿದ ಹಾಡು. ಆದರೆ ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಆ ಕ್ಯಾಸೆಟ್ಟು ತಂದುಕೊಟ್ಟಾಗ ಅಣ್ಣ ತಂಗಿ ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಡುವವನು ಬೇರೆ ಹಲ್ಲು ಕಚ್ಚಿಕೊಂಡು ಅರಚುತ್ತಿದ್ದ. ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಕೂತ ಅಣ್ಣ ಕೊನೆಗೆ ತೀರ್ಪು ಕೊಟ್ಟ: ಅವನು ‘ಬಾಗ್ಲ್ ಹಾಕ್ಬೇಡ’ ಅಂತಿದ್ದಾನೆ. ಇಂಗ್ಲೆಂಡಿನವನು ಕನ್ನಡದಲ್ಲಿ ಯಾಕೆ ಅರಚುತ್ತಾನೆ ಎಂದು ಕೇಳುವಷ್ಟು ಬುದ್ಧಿ ತಂಗಿಗೆ ಆಗ ಇರಲಿಲ್ಲ; ಬುದ್ಧಿ ಬಂದಮೇಲೆ ಕೇಳುವ ಮನಸ್ಸಾಗಲಿಲ್ಲ. ಸರಿಯಾದ ಮಾತು ಗೊತ್ತಾಗಿ ಎಷ್ಟೋ ವರ್ಷವಾದರೂ ಮನೆಯಲ್ಲಿ ಆ ಹಾಡಿನ ಹೆಸರು ಅದೇ ಉಳಿಯಿತು.

ಬ್ಯಾಂಡಿಗೂ ಮನೆಯಲ್ಲಿ ಬೇರೆ ಹೆಸರಿತ್ತು, ತುಕ್ಕು. ಹಾಡುವವನ ದನಿ ತುಕ್ಕು ಹಿಡಿದ ತಿರುಗಣಿಯಂತಿದ್ದುದರಿಂದ ಬಂದದ್ದು. ಅಣ್ಣ ಮುಂದೆ ಬಟ್ಟೆಗೆ ಅಚ್ಚು ಹಾಕುವ ಅಂಗಡಿ ಇಟ್ಟ. ಬ್ಯಾನರು, ಟೀ ಶರ್ಟು, ಆಟದ ತಂಡಗಳ ಜೆರ್ಸಿ. ಉಗುರಿನ ಸಂದಿಯ ಬಣ್ಣ ಮದುವೆಯ ದಿನವೂ ಹೋಗಿರಲಿಲ್ಲ. ಬಿಡುವಾದಾಗಲೆಲ್ಲ ತುಕ್ಕಿನ ಅಭಿಮಾನಿಗಳಿಗಾಗಿ ಕಂಪ್ಯೂಟರಿನಲ್ಲಿ ಒಂದು ಸುದ್ದಿಪುಟ ನಡೆಸುತ್ತಿದ್ದ. ಡ್ರಮ್ಮಿನವನು ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮೊದಲ ರೆಕಾರ್ಡು ಹಸಿರು ತಟ್ಟೆಯಲ್ಲಿ ಮತ್ತೆ ಬರುತ್ತಿದೆ, ಗಿಟಾರಿನವಳ ಮಂಡಿಯ ಆಪರೇಷನ್ ಸುಸೂತ್ರವಾಯಿತು, ಇಂಥ ಸುದ್ದಿಗಳು. ಹಲವು ದೇಶಗಳ ಕೂದಲು ನೆರೆತವರು ಅದನ್ನು ಓದಿ ಜಗಳಕ್ಕೆ ಬೀಳುತ್ತಿದ್ದರು. ಅವರ ಮುಗಿಯದ ಜಗಳ ಒಂದೇ: ಕೊನೆಯ ಶೋ. ಅಣ್ಣ ಹುಟ್ಟುವುದಕ್ಕೂ ಮುಂಚೆ ಬಂದರಿನ ಉಗ್ರಾಣವೊಂದರಲ್ಲಿ ನಡೆದದ್ದು. ಕೊನೆಯ ಹಾಡು ಇನ್ನೇನು ಮುಗಿಯಬೇಕು ಎನ್ನುವಾಗ ಕರೆಂಟು ಹೋಗಿ ಎಲ್ಲ ನಿಂತಿತು. ಬ್ಯಾಂಡು ಮತ್ತೆ ಒಟ್ಟಿಗೆ ನಿಲ್ಲಲಿಲ್ಲ. ಆ ದಿನ ಯಾವುದಾದ ಮೇಲೆ ಯಾವುದು ಹಾಡಿದರು, ನಡುವೆ ಏನಾಯಿತು, ಒಬ್ಬೊಬ್ಬರದು ಒಂದೊಂದು ಮಾತು.

ತಂಗಿ ಕಿವಿ ಪರೀಕ್ಷೆ ಮಾಡುವ ಕೆಲಸ ಕಲಿತು ಆಸ್ಪತ್ರೆ ಸೇರಿದಳು. ಅವಳ ವಿಭಾಗದಲ್ಲಿ ಹೊರಗಿನ ಸದ್ದು ನುಗ್ಗದಂತೆ ಕಟ್ಟಿದ ಒಂದು ಪುಟ್ಟ ಕೋಣೆ. ಒಳಗೆ ಒಂದು ಕುರ್ಚಿ, ರೋಗಿಯ ಕೈಗೊಂದು ಗುಂಡಿ. ಸದ್ದು ಕೇಳಿದಾಗ ಅವನು ಗುಂಡಿ ಒತ್ತಿದರೆ ಗಾಜಿನ ಈಚೆ ಅವಳ ಯಂತ್ರದಲ್ಲಿ ಪುಟ್ಟ ದೀಪ ಹತ್ತುತ್ತದೆ. ಬಾಗಿಲು ಒಂದು ಗೇಣು ದಪ್ಪ, ಅಂಚಿಗೆಲ್ಲ ರಬ್ಬರು. ಅಣ್ಣ ಯಾವ ನೆಪಕ್ಕೆ ಬಂದರೂ ಒಂದು ಸಲ ಆ ಕುರ್ಚಿಯಲ್ಲಿ ಕೂರದೆ ಹೋಗುತ್ತಿರಲಿಲ್ಲ. ಅವಳು ಬಾಗಿಲು ತಳ್ಳುವ ಹೊತ್ತಿಗೆ ಸರಿಯಾಗಿ ಮುಷ್ಟಿ ಎತ್ತಿ “ಬಾಗ್ಲ್ ಹಾಕ್ಬೇಡ” ಎಂದು ಕಿರುಚುವನು. ಕೌಂಟರಿನಲ್ಲಿ ಚೀಟಿ ಬರೆಯುವಾಕೆ, ಎಲ್ಲರೂ ಆಂಟಿ ಎನ್ನುವವರು, ಮೊದಲ ಸಲ ಪೆನ್ನು ಕೆಳಗೆ ಬೀಳಿಸಿದ್ದರು. ಆಮೇಲೆ ತಲೆ ಎತ್ತುವುದನ್ನೂ ಬಿಟ್ಟರು.

ಈ ವರ್ಷ ಅಣ್ಣನಿಗೆ ಮಿದುಳಿನ ಪೊರೆಯ ಜ್ವರ ಬಂತು. ಜೀವ ಉಳಿಯಿತು, ಎರಡು ಕಿವಿಯೂ ಹೋದವು. ಗುಣವಾಗಿ ಮನೆಗೆ ಬಂದವನು ಮಾತಾಡುತ್ತಾನೆ, ದನಿ ಎಷ್ಟು ದೊಡ್ಡದಾಯಿತೆಂದು ಅವನಿಗೇ ತಿಳಿಯುವುದಿಲ್ಲ. ಬೇರೆಯವರು ಬರೆದು ತೋರಿಸಬೇಕು. ಕಿವಿಯೊಳಗೆ ತಂತಿ ಕೂರಿಸುವ ಆಪರೇಷನ್ ಇದೆ, ಆದರೆ ಬೇಗ ಆಗಬೇಕು ಎಂದರು ಡಾಕ್ಟರು. ಈ ಜ್ವರದ ನಂತರ ಒಳಗಿವಿಯ ಶಂಖದ ಸುರುಳಿಯಲ್ಲಿ ಎಲುಬು ಬೆಳೆಯುತ್ತದೆ. ಪೂರ್ತಿ ತುಂಬಿಕೊಂಡರೆ ತಂತಿಗೆ ಜಾಗವೇ ಇರುವುದಿಲ್ಲ. ಸ್ಕ್ಯಾನಿನಲ್ಲಿ ಆಗಲೇ ಬಿಳಿ ಕಾಣುತ್ತಿತ್ತು. ‘ಬಾಗಿಲು ಮುಚ್ಚಿಕೊಳ್ತಾ ಇದೆ ಅಂತ ತಿಳ್ಕೊಳ್ಳಿ’ ಎಂದರಂತೆ. ಅವರು ಉಪಮೆಗೆ ಹೇಳಿದ್ದು, ತಂಗಿಗೆ ಅಣ್ಣನ ಕೂಗು ನೆನಪಾಯಿತು.

ಅಣ್ಣ ಒಪ್ಪಲಿಲ್ಲ. ಹೆದರಿಕೆಯಿಂದಲ್ಲ. ಅವನ ಕಿವಿಯಲ್ಲಿ ತುಕ್ಕು ಹಾಡುತ್ತಿತ್ತು.

ಇದರಲ್ಲಿ ಅವಳಿಗೆ ಸೋಜಿಗವೇನೂ ಕಾಣಲಿಲ್ಲ. ಕಿವಿ ಖಾಲಿಯಾದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ತನ್ನಲ್ಲಿದ್ದ ಹಳೆಯ ಹಾಡುಗಳನ್ನೇ ತಿರುಗಿ ತಿರುಗಿ ಹಾಕುತ್ತದೆ. ಅವಳ ರೋಗಿಗಳಲ್ಲಿ ಒಬ್ಬ ಅಜ್ಜಿಗೆ ತನ್ನ ಶಾಲೆಯ ಪ್ರಾರ್ಥನೆ ದಿನವಿಡೀ ಕೇಳುತ್ತಿತ್ತು. ಆದರೆ ಹಾಗೆ ಕೇಳುವುದು ಗೊತ್ತಿದ್ದ ಹಾಡು, ಗೊತ್ತಿದ್ದ ರೀತಿಯಲ್ಲಿ. ಅಣ್ಣ ಹೇಳಿದ್ದು ಬೇರೆ.

“ರೆಕಾರ್ಡಿನ ಥರ ಅಲ್ಲ ಪುಟ್ಟಿ. ಶೋ ನಡೀತಾ ಇದೆ. ಜನ ಇದ್ದಾರೆ. ಮೂರನೇ ಹಾಡಲ್ಲಿ ಅವಳ ಗಿಟಾರಿನ ತಂತಿ ಕಡೀತು, ಸರಿಮಾಡೋ ತನಕ ಡ್ರಮ್ಮಿನೋನು ಒಬ್ನೇ ಬಾರಿಸ್ತಾ ಇದ್ದ. ಮೊದಲು ನಾನು ಹಿಂದೆ, ಗೋಡೆ ಹತ್ರ ಇದ್ದೆ. ಈಗ ನಡುವಿಗೆ ಬಂದಿದ್ದೀನಿ.”

ಆಪರೇಷನ್ ಆದರೆ ಇದು ನಿಂತುಹೋಗಬಹುದಲ್ಲವೇ ಎಂದು ಕೇಳಿದ. ಅವಳು ಸುಳ್ಳು ಹೇಳಲಾರದೆ ಹೌದು, ನಿಲ್ಲಬಹುದು ಎಂದು ಬರೆದಳು. ಹಾಗಾದರೆ ಶೋ ಮುಗಿಯಲಿ, ಆಮೇಲೆ ನೋಡೋಣ ಎಂದುಬಿಟ್ಟ. ಮುಗಿಯುವುದು ಯಾವಾಗ? ದಿನಕ್ಕೆ ಒಂದು ಹಾಡಿನ ಕಾಲುಭಾಗವೂ ಸಾಗುವುದಿಲ್ಲವಂತೆ. ಅತ್ತಿಗೆ ಅಡುಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡರು. ಊಟಕ್ಕೆ ಕರೆಯಲು ಭುಜ ಮುಟ್ಟಿದರೆ ತಿರುಗುವುದಕ್ಕೆ ಈಗೀಗ ತುಂಬ ಹೊತ್ತು ಹಿಡಿಯುತ್ತದೆ, ದೂರದಿಂದ ನಡೆದು ಬಂದವರ ಹಾಗೆ ನೋಡುತ್ತಾರೆ ಎಂದರು. “ಎದುರಿಗೇ ಕೂತಿರ್ತಾರೆ ಕಣೆ. ಮನೇಲಿ ಇರಲ್ಲ.”

ಸುದ್ದಿಪುಟವನ್ನು ಆಗ ತಂಗಿಯೇ ನೋಡಿಕೊಳ್ಳುತ್ತಿದ್ದಳು. ಓದುಗರು ಅಣ್ಣನ ಆರೋಗ್ಯ ಕೇಳುತ್ತಿದ್ದರು. ತಂತಿ ಕಡಿದದ್ದು, ಡ್ರಮ್ಮು ಒಂಟಿಯಾಗಿ ಬಾರಿಸಿದ್ದು, ಹಾಡುಗಳ ಸಾಲು, ಎಲ್ಲವನ್ನೂ ಕಿವಿಯ ವಿಜ್ಞಾನದ ನಾಲ್ಕು ಮಾತಿನ ಜೊತೆ ಅವಳು ಬರೆದು ಹಾಕಿದಳು. ತಮಾಷೆಯಾಗಿ ಓದಿಕೊಳ್ಳಲಿ ಎಂದು.

ಇಂಗ್ಲೆಂಡಿನಿಂದ ಒಬ್ಬ ಓದುಗ ಉತ್ತರ ಬರೆದ. ನಿವೃತ್ತ ಪೋಸ್ಟ್‌ಮ್ಯಾನ್, ಅಣ್ಣ ತಂಗಿ ಅವನಿಗೆ ಇಟ್ಟ ಹೆಸರು ಅಂಚೆಮಾವ. ಸಾಮಾನ್ಯವಾಗಿ ಬೈಗುಳವಿಲ್ಲದೆ ಒಂದು ಸಾಲು ಬರೆದವನಲ್ಲ. ಈ ಸಲ ತೀರ ಮೆತ್ತಗಿದ್ದ. ತೀರಿಹೋದ ಭಾವನ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಒಂದು ರೀಲು ಸಿಕ್ಕಿದೆ. ಅದು ಕೊನೆಯ ಶೋ. ಯಾರಿಗೂ ಹೇಳಿಲ್ಲ, ಯಾರಿಗೂ ಕೇಳಿಸಿಲ್ಲ. ಮೂರನೇ ಹಾಡಿನಲ್ಲಿ ತಂತಿ ಕಡಿಯುತ್ತದೆ. ನಿನ್ನ ಅಣ್ಣನಿಗೆ ಇದು ಹೇಗೆ ಗೊತ್ತು?

ಕೆಳಗೆ ಧ್ವನಿಯ ಕಡತ ಲಗತ್ತಿಸಿದ್ದ.

ಮಧ್ಯಾಹ್ನ ರೋಗಿಗಳು ಕರಗಿದ ಮೇಲೆ ಅವಳು ತಾನೇ ಆ ಕೋಣೆಯೊಳಗೆ ಕೂತು, ಬಾಗಿಲು ಹಾಕಿಕೊಂಡು ಕೇಳಿದಳು. ಹಾಡುಗಳ ಸಾಲು ಅಣ್ಣ ಹೇಳಿದ ಹಾಗೇ ಇತ್ತು. ತಂತಿ ಕಡಿಯಿತು. ಡ್ರಮ್ಮು ಒಂಟಿಯಾಗಿ ಬಾರಿಸಿತು. ಅಣ್ಣ ಎಳವೆಯಲ್ಲಿ ಇದರ ಕಳ್ಳಪ್ರತಿ ಎಲ್ಲಾದರೂ ಕೇಳಿದ್ದಿರಬಹುದೇ ಎಂದು ಯೋಚಿಸಿದಳು. ಇದ್ದಿದ್ದರೆ ಇಷ್ಟು ವರ್ಷ ಅಭಿಮಾನಿಗಳು ಕಚ್ಚಾಡುತ್ತಿದ್ದರೇ? ಕೊನೆಯ ಹಾಡು ‘ಬ್ಲ್ಯಾಕ್ ಹಾರ್ಬರ್ ಡೇ’. ಅದರ ಕಡೆಯ ಪಲ್ಲವಿಗೆ ಮುಂಚೆ ಹಾಡುವವನು ಉಸಿರು ಎಳೆದುಕೊಳ್ಳುವಾಗ, ಜನರ ನಡುವಿನಿಂದ ಒಂದು ದನಿ ಮುಂದಾಗಿ ಕೂಗಿತು. ಕೂಡಲೇ ಒಂದು ‘ಟಕ್’, ಅದರ ಬೆನ್ನಿಗೆ ‘ಉಸ್’ ಎಂದು ಉದ್ದನೆಯ ನಿಟ್ಟುಸಿರು. ಅಲ್ಲಿಗೆ ಟೇಪು ಮುಗಿಯಿತು.

ಕೂಗಿದ್ದು ‘ಬಾಗ್ಲ್ ಹಾಕ್ಬೇಡ’ ಎಂದು.

ಅಭಿಮಾನಿಯೊಬ್ಬ ಹಾಡಿನ ಹೆಸರನ್ನೇ ಕೂಗಿರುತ್ತಾನೆ. ಬಾಲ್ಯದಿಂದ ತಪ್ಪಾಗಿ ಕೇಳಿದ ಕಿವಿಗೆ ತಪ್ಪೇ ಕೇಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಹೊರಗೆ ಬಂದು ಆಂಟಿಯ ಕಿವಿಗೆ ಹೆಡ್‌ಫೋನು ಹಾಕಿ, ಏನೂ ಹೇಳದೆ ಆ ತುಣುಕು ಮಾತ್ರ ಕೇಳಿಸಿದಳು.

“ನಿಮ್ಮಣ್ಣ ಅಲ್ವಾ?” ಎಂದರು ಆಂಟಿ, ಚೀಟಿಯಿಂದ ತಲೆ ಎತ್ತದೆ. “ಪಾಪ, ಮೊದಲಿನ ದನಿ. ಜ್ವರಕ್ಕೆ ಮುಂಚೆ ತೆಗೆದಿದ್ದಾ?”

ಆಂಟಿಗೂ ಆ ಕೂಗು ಅಭ್ಯಾಸವಾಗಿತ್ತು, ಹಾಗಾಗಿ ಈ ಪರೀಕ್ಷೆ ಸಿಂಧುವಲ್ಲ ಎಂದು ತಂಗಿ ತನ್ನಲ್ಲೇ ವಾದಿಸಿದಳು. ವಾದ ಸರಿಯಾಗಿಯೇ ಇತ್ತು. ಆದರೂ ಆ ತುಣುಕನ್ನು ಇನ್ನೊಂದು ಸಲ ಹಾಕಿ ಕೇಳಿದಳು. ಟೇಪಿನ ವಿಷಯ ಅಣ್ಣನಿಗೆ ಹೇಳಲಿಲ್ಲ. ‘ಟಕ್, ಉಸ್’ ಏನೆಂದು ಅಂಚೆಮಾವನನ್ನು ಕೇಳಿದಳು. ಫ್ಯೂಸು ಹೋದದ್ದಿರಬೇಕು, ಆದರೆ ಫ್ಯೂಸು ನಿಟ್ಟುಸಿರು ಬಿಡುವುದಿಲ್ಲ ಎಂದು ಅವನು ಬರೆದ. ಎಲ್ಲೋ ಕೇಳಿದ ಸದ್ದು ಎಂದು ಅವಳಿಗೂ ಅನ್ನಿಸುತ್ತಿತ್ತು, ಎಲ್ಲಿ ಎಂದು ಹೊಳೆಯಲಿಲ್ಲ.

ಮುಂದಿನ ವಾರ ಡಾಕ್ಟರು ಕೊನೆಯ ಬಾರಿ ಕೇಳಿದರು: ಆಪರೇಷನ್ ಈಗ, ಇಲ್ಲದಿದ್ದರೆ ಎಂದೂ ಇಲ್ಲ. ಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಿ ಎಂದು ಅಂಗಲಾಚಿ ಅತ್ತಿಗೆ ಅಣ್ಣನನ್ನು ಕರೆತಂದರು. ಅವನು ಸೊರಗಿದ್ದ, ಮುಖದಲ್ಲಿ ಮಾತ್ರ ಹಿಗ್ಗು.

“ಕೊನೇ ಹಾಡು ಶುರುವಾಗೋದ್ರಲ್ಲಿದೆ,” ಎಂದ ಕುರ್ಚಿಯಲ್ಲಿ ಕೂರುತ್ತ. “ಮುಂದಿನ ಸಾಲಿಗೆ ಬಂದಿದ್ದೀನಿ. ಕೈ ಚಾಚಿದ್ರೆ ವೇದಿಕೆ.”

ಅವಳು ಬಾಗಿಲು ತಳ್ಳಿದಳು. ಅವನು ಮುಷ್ಟಿ ಎತ್ತಲಿಲ್ಲ. ಕೂಗಲೂ ಇಲ್ಲ. ಬಾಗಿಲು ಕೂತುಕೊಂಡಿತು.

ಯಂತ್ರದಲ್ಲಿ ಇರುವಷ್ಟೂ ಜೋರಾದ ಸದ್ದು ಕಳಿಸಿದಳು. ದೀಪ ಹತ್ತಲಿಲ್ಲ. ಎರಡೂ ಕಿವಿಗೆ, ಎಲ್ಲ ಸ್ವರದಲ್ಲಿ, ಏನೂ ಇಲ್ಲ. ಸದ್ದು ಕಳಿಸುವುದನ್ನು ನಿಲ್ಲಿಸಿದಳು. ಆಗ ದೀಪ ಹತ್ತಿತು.

ಹತ್ತಿತು, ಆರಿತು, ಹತ್ತಿತು. ಗಾಜಿನಾಚೆ ಅಣ್ಣ ಕಣ್ಣು ಮುಚ್ಚಿದ್ದ. ಹೆಬ್ಬೆರಳು ಗುಂಡಿಯ ಮೇಲೆ ಕುಣಿಯುತ್ತಿತ್ತು. ಎರಡು ನಿಧಾನ, ಮೂರು ಬೇಗ. ಆ ಹಾಡಿನ ಡ್ರಮ್ಮು ಆರಂಭವಾಗುವುದೇ ಹಾಗೆ. ಅವಳು ಫೋನಿನಲ್ಲಿ ಟೇಪಿನ ಕೊನೆಯ ಹಾಡು ಹುಡುಕಿ ತನ್ನ ಹೆಡ್‌ಫೋನಿಗೆ ಕೊಟ್ಟಳು, ತಡಕಾಡಿ ತಾಳ ಕೂಡಿಸಿದಳು. ಕೂಡಿದ ಮೇಲೆ ಅದು ಜಾರಲಿಲ್ಲ. ಪ್ರತಿ ಪೆಟ್ಟಿಗೂ ದೀಪ. ಡ್ರಮ್ಮಿನವನು ಒಂದೆಡೆ ಎಡವಿ ಅರ್ಧ ಪೆಟ್ಟು ತಡಮಾಡಿದ; ದೀಪವೂ ಅರ್ಧ ಪೆಟ್ಟು ತಡಮಾಡಿತು. ಅಣ್ಣನಿಗೆ ಯಾವ ಸದ್ದೂ ಹೋಗುತ್ತಿರಲಿಲ್ಲ. ಹೋಗಿದ್ದರೂ ಕೇಳುವ ಕಿವಿ ಇರಲಿಲ್ಲ.

ಅವನ ಮುಖದ ಬಣ್ಣ ಇಳಿಯುತ್ತಾ ಬಂತು. ಕುರ್ಚಿಯ ತುದಿಗೆ ಸರಿದ, ಎಡಗೈ ಮುಂದೆ ಚಾಚಿದ, ಯಾರೋ ಮೇಲಿಂದ ಚಾಚಿದ ಕೈಯನ್ನು ಹಿಡಿಯುವವನ ಹಾಗೆ. ಈ ಹಾಡು ಪೂರ್ತಿ ಮುಗಿದರೆ ಅಣ್ಣ ಆ ಕಡೆಯವನೇ ಆಗಿಬಿಡುತ್ತಾನೆ ಎಂದು ಅವಳಿಗೆ ಖಚಿತವಾಯಿತು. ಹೇಗೆ ಎಂದು ಕೇಳಿದ್ದರೆ ಹೇಳಲಾರಳು. ಹಾಡುವವನು ಕಡೆಯ ಪಲ್ಲವಿಗೆ ಉಸಿರು ಎಳೆದುಕೊಂಡ. ಗಾಜಿನಾಚೆ ಅಣ್ಣನ ಕಣ್ಣು ತೆರೆಯಿತು. ನೇರ ಅವಳನ್ನು ನೋಡಿದ. ಬಾಯಿ ತೆರೆಯಿತು.

ಆ ಕೋಣೆಯಿಂದ ಸದ್ದು ಹೊರಗೆ ಬರುವುದಿಲ್ಲ. ಅವನ ಕೂಗು ಅವಳಿಗೆ ಕೇಳಿಸಿದ್ದು ಟೇಪಿನಿಂದ.

ಅವಳು ಕುರ್ಚಿ ಉರುಳಿಸಿ ಓಡಿ ಬಾಗಿಲಿನ ಹಿಡಿಕೆ ಎಳೆದಳು. ಚಿಲಕ ‘ಟಕ್’ ಎಂದಿತು. ರಬ್ಬರಿನ ಅಂಚು ಬಿಟ್ಟುಕೊಳ್ಳುತ್ತ ‘ಉಸ್’ ಎಂದು ಉದ್ದಕ್ಕೆ ಉಸಿರು ಬಿಟ್ಟಿತು. ದಿನವಿಡೀ ಕೇಳಿ ಕೇಳಿ ಕೇಳಿಸುವುದೇ ನಿಂತುಹೋಗಿದ್ದ ಸದ್ದು. ಹೆಡ್‌ಫೋನು ಇನ್ನೂ ತಲೆಯ ಮೇಲೇ ಇತ್ತು. ಅವಳಿಗೆ ಎರಡು ಸದ್ದು ಕೇಳಲಿಲ್ಲ, ಒಂದೇ ಕೇಳಿತು. ಆಮೇಲೆ ಟೇಪು ಮುಗಿದಿತ್ತು.

ಅಣ್ಣನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವಳ ಮೊಣಕೈ ಹಿಡಿದುಕೊಂಡು ಸುಧಾರಿಸಿಕೊಂಡ.

“ಯಾರೋ ಬಾಗಿಲು ತೆಗೆದ್ರು ಪುಟ್ಟಿ,” ಎಂದ ಗಟ್ಟಿಯಾಗಿ. “ಬೆಳಕು ಬಂತು. ಕರೆಂಟ್ ಹೋಯ್ತು. ಈಗ ಏನೂ ಇಲ್ಲ. ಏನೂ ಇಲ್ಲ.” ಮಗುವಿನ ಹಾಗೆ ಅತ್ತ. ಅತ್ತಿಗೆ ಭುಜ ಮುಟ್ಟಿದಾಗ ತಕ್ಷಣ ತಿರುಗಿದ. ಆಪರೇಷನ್ನಿಗೆ ಸಹಿ ಹಾಕಿದ.

ತಂತಿ ಹೋಗುವಷ್ಟು ಜಾಗ ಇನ್ನೂ ಉಳಿದಿತ್ತು. ಗಾಯ ಮಾಗಿ, ಯಂತ್ರ ಚಾಲೂ ಮಾಡಿದ ದಿನ ಅವನು ತಂಗಿಯ ಮಾತು ಕೇಳಿ ಮುಖ ಕಿವುಚಿಕೊಂಡ. ತಗಡಿನ ಡಬ್ಬ ಉರುಳಿಸಿದ ಹಾಗಿದೆ ನಿನ್ನ ದನಿ, ಮೊದಲೇನು ಮಹಾ ಚೆನ್ನಾಗಿರಲಿಲ್ಲ ಬಿಡು ಎಂದ. ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವನು ಅಂಗಡಿಗೆ ಹೋಗತೊಡಗಿದ. ತುಕ್ಕಿನ ಹಾಡು ಹಾಕುವುದಿಲ್ಲ, ಸುದ್ದಿಪುಟ ನೀನೇ ಇಟ್ಟುಕೋ ಎಂದುಬಿಟ್ಟ.

ಅಂಚೆಮಾವ ಆಗ ಟೇಪನ್ನು ಎಲ್ಲರಿಗೂ ಬಿಡುಗಡೆ ಮಾಡಿದ್ದ. ಓದುಗರೆಲ್ಲರಿಗೂ ಕೂಗಿನಲ್ಲಿ ಹಾಡಿನ ಹೆಸರೇ ಕೇಳಿತು. ಕೊನೆಯ ಸದ್ದಿನ ಮೇಲೆ ಮಾತ್ರ ಹೊಸ ಜಗಳ ಹತ್ತಿತು. ಒಂದು ಸಂಜೆ ಅಣ್ಣನ ಅಂಗಡಿಯ ಮೂಲೆಯಲ್ಲಿ ಕೂತು ಅವಳು ಒಂದೇ ಸಾಲು ಬರೆದಳು: ಅದು ಬಾಗಿಲು.

ಉತ್ತರ ಕೂಡಲೇ ಬಂತು. ಉಗ್ರಾಣಕ್ಕೆ ಇದ್ದದ್ದು ಒಂದೇ ಬಾಗಿಲು, ಪಕ್ಕಕ್ಕೆ ಸರಿಸುವ ತಗಡಿನದು. ಒಳಗೆ ಬಿಡಲಿಲ್ಲವೆಂದು ತಾನು ಅದರ ಹೊರಗೇ ನಿಂತಿದ್ದೆ ಎಂದು ಬರೆದಿದ್ದ ಅಂಚೆಮಾವ. ಕರೆಂಟು ಹೋಗುವ ತನಕ ಅದು ತೆರೆಯಲೇ ಇಲ್ಲ. ನೀನು ಹೇಳುವುದು ಯಾವ ಬಾಗಿಲು? ಯಾರು ಹೊರಗೆ ಬಂದರು?

ಅವಳು ಫೋನು ಕೆಳಗಿಟ್ಟಳು. ಗಾಳಿಗೆ ಒಣಹಾಕಿದ ಜೆರ್ಸಿಗಳು ಅಲುಗಾಡುತ್ತಿದ್ದವು, ಬಣ್ಣ ಕೆಡುತ್ತದೆಂದು ಎದ್ದು ಅಂಗಡಿಯ ಬಾಗಿಲು ತಳ್ಳಲು ಹೋದಳು. ಹಿಂದಿನಿಂದ ಅಣ್ಣ ಮಾತಾಡಿದ. ಅರಚಲಿಲ್ಲ. ಮುಷ್ಟಿ ಎತ್ತಲಿಲ್ಲ. ಮಲಗಿದವರಿಗೆ ಎಚ್ಚರವಾದೀತೆಂಬಂತೆ ಮೆಲ್ಲಗೆ ಹೇಳಿದ:

“ಬಾಗ್ಲ್ ಹಾಕ್ಬೇಡ ಪುಟ್ಟಿ. ಎಲ್ಲರೂ ಇನ್ನೂ ಹೊರಗೆ ಬಂದಿಲ್ಲ.”