ಉಳವಿಯಲ್ಲಿ ಆಣೆ

ಅವಳ ಬೆರಳು ನೋಡು, ಕರ್ರಗೆ, ಉಳವಿಯ ಗುಡಿ ಎದುರಿಗೂ ಬಿಡಲಿಲ್ಲ, ಸುಟ್ಟ ತಂಬಾಕಿನ ಮಿಶ್ರಿ, ಮುಂದಿನ ಹಲ್ಲಿನಿಂದ ದವಡೆಯವರೆಗೆ ತಿಕ್ಕುತ್ತಿದ್ದಾಳೆ ನನ್ನ ಹೆಂಡತಿ ಸತ್ತೆವ್ವ, ಮತ್ತೆ ಕುಡುಕ ಮಾತ್ರ ನಾನು — ದಾಂಡೇಲಿಯಿಂದ ಬಿದಿರು ತರಲು ಹೊರಟ ಲಾರಿಯಲ್ಲಿ ನನ್ನನ್ನು ಹೋರಿಯಂತೆ ಹತ್ತಿಸಿ ತಂದಿದ್ದಾರೆ, ಆಣೆ ಮಾಡಿಸಲು, ಯಾರು, ಇವಳ ಅಣ್ಣ ಮಲಕಪ್ಪ, ತಮ್ಮೂರು ಪಾಳಾದಲ್ಲಿ ಹೊಲ ಬಿತ್ತುವ ಹದಕ್ಕೆ ಬಂದರೂ ಇಸ್ಪೀಟು ಬಿಟ್ಟು ಏಳದವನು, ಈಗಲೂ ಅಂಗಿಯ ಕಿಸೆ ಚೌಕಾಗಿ ಉಬ್ಬಿದೆ, ನೋಡ ಪರಸಪ್ಪ, ಇವತ್ತ ಆಣಿ ಮಾಡದಿದ್ರ ತಂಗೀನ್ನ, ಹುಡುಗೋರ್ನ ಪಾಳಾಕ ಕರ್ಕೊಂಡ್ ಹೊಕ್ಕೇನಿ, ನೀ ನಿನ್ನ ಬಾಟ್ಲಿ ಜೋಡಿ ಸಂಸಾರ ಮಾಡು, ನಾಲ್ಕು ರಾಣಿಯರ ಜೋಡಿ ಸಂಸಾರ ಮಾಡುವವನು ಇದನ್ನು ಹೇಳುತ್ತಾನೆ! ನಮ್ಮ ಮನೆತನದ ಅಯ್ಯಗಳು ಅಡಿವೆಯ್ಯನವರೋ, ಎರಡೂ ಮೂಗಿಗೆ ನಶ್ಯ ಏರಿಸಿದರು, ಸೀನಿದರು, ಚಟ ಅನ್ನೂದು ಮನಿ ಸುಡತೈತಿ ಪರಸಪ್ಪ ಅಂದರು, ನಶ್ಯಾ ಏನ್ ಸುಡತೈತ್ರಿ ಅಜ್ಜಾರ ಅಂತ ಕೇಳಿದೆ, ಮಲಕಪ್ಪ ಕಣ್ಣು ಕೆಕ್ಕರಿಸಿದ, ಅದು ರೂಢಿಯಂತೆ. ನಿಮ್ಮದೆಲ್ಲ ರೂಢಿ, ನನ್ನದೊಂದೇ ಚಟ. ಬೆಳಗ್ಗೆ ಮಿಶ್ರಿ ಸಿಗದಿದ್ದರೆ ಇವಳು ಮಕ್ಕಳನ್ನು ಬಡಿಯುತ್ತಾಳೆ, ನಾನು ಕುಡಿಯದಿದ್ದರೆ ಬಡಿಯುತ್ತೇನೆ, ಕುಡಿದರೂ — ಇರಲಿ, ಅದು ಬೇರೆ — ನಾನು ದುಡಿಯುವ ಕಾಗದದ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಮುಂದೆ ಇವರು ಇಡೀ ಪಾಳಿ ನಿಲ್ಲಲಿ, ಕಿವಿಯೊಳಗಿನ ಆ ಗುಂಯ್ ಸಾರಾಯಿ ಇಲ್ಲದೆ ಇಳಿಯುವುದೋ ನೋಡೋಣ, ಮರ್ಯಾದೆ ನನಗೂ ಇದೆ, ಕುಡಿಯಲು ಹೋಗುವಾಗ ಕೊರಳ ಲಿಂಗ ತೆಗೆದು ಗೂಟಕ್ಕೆ ಹಾಕಿಯೇ ಹೋಗುತ್ತೇನೆ, ಎಂದೂ ತಪ್ಪಿಲ್ಲ, ಅಪ್ಪಾ ಲಿಂಗಾ ಇಟ್ಟ ಹೋಗ್ಯಾನಬೇ ಅಂತ ಕಿರಿಮಗಳು ಗೂಟ ನೋಡಿದ ಕೂಡಲೇ ನೆರೆಮನೆಗೆ ಓಡುತ್ತಾಳಂತೆ, ಓಡಲಿ, ಯಾರು ಕಲಿಸಿದರು ಅದಕ್ಕೆ, ಇವಳೇ. ಕೂಗಿಬಿಟ್ಟೆ, ಈಕಿ ಮಿಶ್ರಿ ಬಿಟ್ರ ನಾ ಕುಡಿಯೂದು ಬಿಡತೇನಿ, ಬಿಡಸ್ರಿ ನೋಡೂಣು! ಗೆದ್ದೆ ಅಂದುಕೊಂಡೆ, ಸತ್ತೆವ್ವ ಮಿಶ್ರಿ ಡಬ್ಬಿ ತೆರೆದು ಮಣ್ಣಿಗೆ ಬೋರಲು ಹಾಕಿದಳು, ಕರಿ ಪುಡಿ ಗಾಳಿಗೆ ಹಾರಿತು, ಥೂ ಎಂದು ಉಗುಳಿದಳು, ತಗೋರಿ, ಬಿಟ್ನಿ, ಈಗ ನೀವು — ಹಾಳಾದವಳು, ನನ್ನ ಹತ್ತಿರ ಇದ್ದದ್ದೇ ಅದೊಂದು ಮಾತು, ಅದನ್ನೂ ಮಣ್ಣಿಗೆ ಸುರಿದಳು, ಇನ್ನು ಯಾರನ್ನು ಬೈಯಲಿ, ಲಿಂಗಾ ಅಂಗೈ ಮ್ಯಾಲ ಇಟಗೊಂಡ ಹೇಳಪಾ ಅಂದರು ಅಯ್ಯಗಳು, ಬಿಚ್ಚಿದೆ, ಎಡ ಅಂಗೈ ಮೇಲೆ ಇಟ್ಟುಕೊಂಡೆ, ಬಾಯಿ ತೆರೆದೆ, ಬೆಳಗಿನಿಂದ ಒಂದು ಗುಟುಕೂ ಇಲ್ಲ, ಲಿಂಗ ಅಲುಗುತ್ತಿದೆ, ಬಲಗೈಯಿಂದ ಮುಂಗೈ ಬಿಗಿದು ಹಿಡಿದೆ, ಅಲುಗುತ್ತಿದೆ, ಮಲಕಪ್ಪ ನಗುತ್ತಿಲ್ಲ, ಸತ್ತೆವ್ವ ನೋಡುತ್ತಿದ್ದಾಳೆ, ಅಂಗೈ ಮೇಲೆ, ಲಿಂಗ, ಅಲುಗುತ್ತಿದೆ