ಹಳೆಯ ಅಳತೆ ಬ್ಲೌಸು

ಹೊಲಿಗೆ ಮೆಷಿನ್ ಕೆಟ್ಟಿದೆ ಎಂದು ರಿಪೇರಿಯವನನ್ನು ಎರಡು ಸಲ ಕರೆಸಿದೆ. ಅವನು ಎಣ್ಣೆ ಬಿಟ್ಟ, ಸೂಜಿ ಬದಲಿಸಿದ, "ಅಕ್ಕಾ, ಇದು ನನಗಿಂತ ಗಟ್ಟಿಯಾಗಿದೆ" ಎಂದು ನಕ್ಕು ಹೋದ. ಆದರೂ ನನಗೆಂದು ಹೊಲಿದ ಬ್ಲೌಸು ಎಡಗಡೆ ಜೋತುಬೀಳುತ್ತಿತ್ತು. ಮೂರು ಸಲ ಬಿಚ್ಚಿದೆ, ಮೂರು ಸಲ ಹೊಲಿದೆ. ಇಪ್ಪತ್ತು ವರ್ಷ ಬೀದಿಯ ಹೆಂಗಸರಿಗೆಲ್ಲ ಹೊಲಿದುಕೊಟ್ಟ ಕೈ ಇದು! ಇದಕ್ಕೇನಾಯಿತೋ, ತಲೆಬುಡ ತಿಳಿಯಲಿಲ್ಲ.

ನನಗೆ ಸ್ತನ ಕ್ಯಾನ್ಸರ್. ಆಪರೇಷನ್ ಮಾಡಿ ಎಡಸ್ತನ ತೆಗೆದರು. ಆಮೇಲೆ ಕೀಮೋ, ಅಂದರೆ ನರಕ್ಕೆ ಔಷಧಿ ಏರಿಸುವುದು, ಶುರುವಾಯಿತು. ಮೂರು ಮುಗಿದಿತ್ತು, ಇನ್ನೂ ಮೂರು ಬಾಕಿ. ಕೂದಲು, ಹುಬ್ಬು ಎಲ್ಲ ಉದುರಿತು. ಮನೆ ಮುಂದಿನ ನನ್ನ ಹೊಲಿಗೆ ಅಂಗಡಿಯ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಗಿರಾಕಿಗಳು "ಸರಿಯಾಗಿ ಕೂತಿದೆಯಾ?" ಎಂದರೆ "ನಾನು ಹೇಳ್ತಿದ್ದೀನಲ್ಲ, ಕೂತಿದೆ" ಎಂದು ರೇಗುತ್ತಿದ್ದೆ.

ನನ್ನ ಗಂಡ ಬೇಕರಿಯಲ್ಲಿ ಕೆಲಸಕ್ಕಿದ್ದಾರೆ. "ಈ ವಯಸ್ಸಲ್ಲಿ ನಿನ್ನ ಯಾರು ನೋಡ್ತಾರೆ ಬಿಡು" ಎಂದರು. ಸಮಾಧಾನಕ್ಕೆ ಹೇಳಿದ್ದೋ, ಇವರೂ ನೋಡುವುದನ್ನೇ ಬಿಟ್ಟರೋ? ಕೂತರೂ ಅದೇ, ನಿಂತರೂ ಅದೇ. ಒಂದು ದಿನ ಹೇಗಾದರೂ ಬದುಕಿದರೆ ಸಾಕು ಅನಿಸುತ್ತಿತ್ತು, ಮರುದಿನ ಹೀಗೆ ಬದುಕಿ ಏನು ಅನಿಸುತ್ತಿತ್ತು. ಕೊನೆಗೆ ಗುರುವಾರದ ಕೀಮೋಗೆ ಹೋಗುವುದೇ ಬೇಡ ಎಂದುಕೊಂಡು, "ತಾರೀಖು ಮುಂದಕ್ಕೆ ಹೋಯ್ತು" ಎಂದು ಗಂಡನಿಗೆ ಸುಳ್ಳು ಹೇಳಿದೆ.

ಮಂಗಳವಾರ ಮಧ್ಯಾಹ್ನ ನರ್ಸಕ್ಕ ಬಂದರು. ಪಕ್ಕದ ಆರೋಗ್ಯ ಕೇಂದ್ರದವರು, ನನ್ನ ಹಳೆಯ ಗಿರಾಕಿ.

"ಏನಮ್ಮಾ, ತಾರೀಖು ಮುಂದಕ್ಕೆ ಹೋಯ್ತಂತೆ? ಬೇಕರಿಯಲ್ಲಿ ನಿಮ್ಮೆಜಮಾನ್ರು ಹೇಳಿದ್ರು. ನಮ್ಮ ಪಟ್ಟಿಯಲ್ಲಿ ಗುರುವಾರ ಅಂತಾನೇ ಇದೆಯಲ್ಲ?"

ಸಿಕ್ಕಿಬಿದ್ದೆ. ಬ್ಲೌಸನ್ನು ಮೇಜಿನ ಮೇಲೆ ಬಿಸಾಕಿದೆ.

"ನಾನು ಹೋಗಲ್ಲಕ್ಕಾ. ನನ್ನ ಅವತಾರ ನೋಡಿ. ಒಂದು ಬ್ಲೌಸು ಕೂಡ ಮೈಮೇಲೆ ನೆಟ್ಟಗೆ ಕೂರ್ತಿಲ್ಲ. ಮೈಯೂ ಕೆಟ್ಟೋಯ್ತು, ಕೈಯೂ ಕೆಟ್ಟೋಯ್ತು."

ಅವರು ಅದನ್ನು ತಿರುಗಿಸಿ ನೋಡಿದರು. "ಯಾವ ಅಳತೆಗೆ ಕತ್ತರಿಸಿದ್ದು?"

"ನನ್ನ ಅಳತೆ ಬ್ಲೌಸು ಇದೆಯಲ್ಲ, ಅದಕ್ಕೇ."

"ಅದು ಯಾವಾಗಿನದು?"

"ಆಪರೇಷನ್‌ಗೆ ಮುಂಚೆ..."

ಅಯ್ಯೋ ನನ್ನ ಬುದ್ಧಿಯೇ! ಯಾರೇ ಬರಲಿ, "ಸಣ್ಣ ಆಗಿದ್ದೀರಾ, ದಪ್ಪ ಆಗಿದ್ದೀರಾ" ಎಂದು ಹೊಸದಾಗಿ ಟೇಪು ಹಿಡಿಯುವವಳು ನಾನು. ನನ್ನ ಮೈಗೆ ಮಾತ್ರ ಟೇಪು ಮುಟ್ಟಿಸಿರಲಿಲ್ಲ.

ನರ್ಸಕ್ಕ ತಮ್ಮ ಭುಜ ತೋರಿಸಿದರು. "ನನ್ನ ಎಡಭುಜ ಹುಟ್ಟಿನಿಂದ ಇಳಿಬಿದ್ದಿದೆ. ಮೊದಲ ಸಲ ನಿನ್ನ ಹತ್ರ ನಾಚ್ಕೊಂಡು ನಿಂತಿದ್ದೆ. ನೀನು ಏನಂದೆ, ನೆನಪಿದೆಯಾ?"

ನೆನಪಿತ್ತು. ನಿಮ್ಮ ಭುಜಕ್ಕೇನಾಗಿದೆ, ಅದಕ್ಕೆ ತಕ್ಕ ಹಾಗೆ ಬಟ್ಟೆ ಕತ್ತರಿಸೋಕೆ ತಾನೇ ನಾನಿರೋದು ಎಂದಿದ್ದೆ.

"ಮತ್ತೆ ನಿನ್ನ ಮೈಗೇನು ಬೇರೆ ನ್ಯಾಯ?"

ಅತ್ತುಬಿಟ್ಟೆ. ಆಮೇಲೆ ಕೇಳಿದೆ, "ಕೂದಲು ಮತ್ತೆ ಬರುತ್ತಾ?"

"ಕೀಮೋ ಮುಗಿದ ಮೇಲೆ ಹೆಚ್ಚಿನವರಿಗೆ ಬರುತ್ತೆ. ಬ್ಲೌಸಿನ ಒಳಗೆ ಜೇಬು ಹೊಲಿದು ಮೆತ್ತನೆ ಪ್ಯಾಡ್ ಇಟ್ಕೋಬಹುದು. ಬೇಡ ಅನಿಸಿದ್ರೆ ಬಿಡು, ಅದು ನಿನ್ನಿಷ್ಟ. ಆದ್ರೆ ಔಷಧಿ ಅರ್ಧಕ್ಕೆ ಬಿಟ್ರೆ ಕಾಯಿಲೆ ಮತ್ತೆ ತಲೆ ಎತ್ತಬಹುದು. ಭಯವೋ ಬೇಜಾರೋ, ಡಾಕ್ಟರ್ ಹತ್ರ ಬಾಯಿಬಿಟ್ಟು ಹೇಳು."

ಅಷ್ಟರಲ್ಲಿ ಗಂಡ ಊಟಕ್ಕೆ ಬಂದರು. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು, ನೇರವಾಗಿ ಕೇಳಿಬಿಟ್ಟೆ: "ನೀವೂ ನನ್ನ ನೋಡೋದು ಬಿಟ್ರಾ?"

"ಇಲ್ಲ ಕಣೇ. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ." ಕಣ್ಣೊರೆಸಿಕೊಂಡು ಅವರೇ ಕನ್ನಡಿಯನ್ನು ಈಚೆ ತಿರುಗಿಸಿದರು.

ಟೇಪು ಅವರ ಕೈಗೆ ಕೊಟ್ಟೆ. ಪುಣ್ಯಾತ್ಮ ತಲೆಕೆಳಗಾಗಿ ಹಿಡಿದರು! ನರ್ಸಕ್ಕ ನಕ್ಕರು, ನಾನೂ ನಕ್ಕೆ. ಗಿರಾಕಿಗಳ ಪುಸ್ತಕದ ಹೊಸ ಹಾಳೆಯಲ್ಲಿ ನನ್ನ ಹೊಸ ಅಳತೆ ಬರೆದೆ. ಗುರುವಾರ ಆ ಅಳತೆಗೆ ಹೊಸದಾಗಿ ಹೊಲಿದ ಬ್ಲೌಸು ತೊಟ್ಟುಕೊಂಡೇ ಆಸ್ಪತ್ರೆಗೆ ಹೋದೆ. ನೆಟ್ಟಗೆ ಕೂತಿತ್ತು.

ಗೊಂದಲ ಪೂರ್ತಿ ಹೋಗಿಲ್ಲ. ಕೆಲವು ದಿನ ಕನ್ನಡಿಯಲ್ಲಿ ಇವಳ್ಯಾರು ಅನಿಸುತ್ತದೆ. ಆದರೂ ಕೀಮೋ ತಪ್ಪಿಸುವುದಿಲ್ಲ.

ಅಕ್ಕಾ, ತಂಗೀ, ನಿಮಗೂ ಹೀಗಾಗಿದ್ದರೆ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಮನಸ್ಸಿನಲ್ಲಿರುವುದನ್ನು ನರ್ಸಿಗೆ, ಡಾಕ್ಟರಿಗೆ ಹೇಳಿ. ಮನೆಯವರೇ, "ಯಾರು ನೋಡ್ತಾರೆ" ಅನ್ನಬೇಡಿ, ನೀವು ನೋಡಿ. ತಂಗೀ, ಹಳೆಯ ಅಳತೆ ಹಿಡಿದು ನಿಮ್ಮನ್ನು ನೀವೇ ತಪ್ಪು ಅಂದುಕೊಳ್ಳಬೇಡಿ. ನನ್ನ ಕೀಮೋ ಇರುವ ಗುರುವಾರ ನಾನೂ ಆಸ್ಪತ್ರೆಯಲ್ಲೇ ಇರುತ್ತೇನೆ. ಬ್ಲೌಸು ಕೂರುತ್ತಿಲ್ಲವಾದರೆ ಹೇಳಿ, ಟೇಪು ನನ್ನ ಚೀಲದಲ್ಲೇ ಇರುತ್ತದೆ.