ಒಳಚಿಲಕ

ಕೀಲಿ ಅರ್ಧ ತಿರುಗಿ ನಿಂತಿತು. ಅಮ್ಮ ಒಳಚಿಲಕ ಹಾಕಿಕೊಂಡಿದ್ದಾಳೆ. ಬೀಗದಂಗಡಿ ನಡೆಸುವ, ಊರೆಲ್ಲ ಬೀಗದಕ್ಕ ಎಂದು ಕರೆಯುತ್ತಿದ್ದ ಮಗಳಿಗೆ ಮೊದಲು ಸಮಾಧಾನವೇ ಆಯಿತು, ಕೊನೆಗೂ ಅಮ್ಮ ತನ್ನ ಮಾತು ಕೇಳಿದಳಲ್ಲ ಎಂದು. ಆಮೇಲೆ ಬಾಗಿಲಿನಡಿಯಿಂದ ಹೊಗೆ ಬರುತ್ತಿರುವುದು ಕಂಡಿತು.

ಕೂಗಿದಳು. ಒಳಗಿನಿಂದ ಅಮ್ಮನ ದನಿ ಬಂತು. "ಒಲೆ ಪಕ್ಕದ ಪರದೆ ಹತ್ಕೊಂಡಿದೆ ಕಣೇ. ಆರಿಸೋಕೆ ಹೋಗಿ ಬಿದ್ದೆ. ಏಳಕ್ಕಾಗ್ತಿಲ್ಲ."

ಆ ಬೀಗ ಮಗಳೇ ಯೋಚಿಸಿ ಮಾಡಿದ್ದು. ಒಳಚಿಲಕ ಬಿದ್ದರೆ ಹೊರಗಿನಿಂದ ಯಾವ ಕೀಲಿಗೂ ಯಾವ ಕೈಗೂ ಬಗ್ಗುವುದಿಲ್ಲ. ಅದಕ್ಕೇ ಬಹುಮಾನ ಬಂದಿತ್ತು. ಮರದ ಬಾಗಿಲಿನ ಒಳಮೈಗೆ ಉಕ್ಕಿನ ತಗಡು ಹೊಡೆಸಿದವಳೂ, ಕಿಟಕಿಗಳಿಗೆ ಸರಳು ಬೆಸೆದವಳೂ ಅವಳೇ. ಜೀವಮಾನವಿಡೀ ಬಾಗಿಲು ಓರೆ ಮಾಡಿ ಮಲಗಿದ ಅಮ್ಮ, ಕಾಯುವವನು ಒಬ್ಬನಿದ್ದಾನೆ ಎನ್ನುತ್ತಿದ್ದಳು. ಅವನಿಗೂ ಒಂದು ಕೀಲಿ ಮಾಡಿಸಿಕೊಡ್ಲಾ ಎಂದು ಮಗಳು ನಗುತ್ತಿದ್ದಳು. ಅಮ್ಮ ಭಾನುವಾರ ಚರ್ಚಿಗೆ ಕರೆದರೆ, ದುಡಿಯುವ ಕೈಗೆ ಮುಗಿಯಲು ಪುರುಸೊತ್ತಿಲ್ಲ ಎನ್ನುತ್ತಿದ್ದಳು.

ಕೆಳಮನೆಯ ದರ್ಜಿ ಅಗ್ನಿಶಾಮಕದವರಿಗೆ ಫೋನ್ ಮಾಡಿ, ಹಾರೆ ಹಿಡಿದು ಓಡಿ ಬಂದ. ಸಂದಿಗೆ ಕೊಟ್ಟು ಮೀಟಿದ. ಹಾರೆ ಜಾರಿತು.

"ಇದನ್ನ ಯಾವ ಪುಣ್ಯಾತ್ಮ ಮಾಡಿದ್ನೋ," ಎಂದವನು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಅವಳು ಕೀಲಿಕಿಂಡಿಗೆ ತಂತಿ ತೂರಿಸುತ್ತಲೇ ಇದ್ದಳು. ಪ್ರಯೋಜನವಿಲ್ಲ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಆದರೂ ಬೆರಳು ನಿಲ್ಲುತ್ತಿರಲಿಲ್ಲ.

ಒಳಗೆ ಕೆಮ್ಮು ಜೋರಾಯಿತು. "ಏನೂ ಕಾಣ್ತಿಲ್ಲ. ಬಾಗಿಲು ಯಾವ ಕಡೆ?"

"ನನ್ನ ದನಿ ಬರೋ ಕಡೆ ತೆವಳಮ್ಮ."

"ಹಾಗಾದ್ರೆ ನಿಲ್ಲಿಸ್ಬೇಡ. ಪ್ರಾರ್ಥನೆ ಮಾಡು. ಹೇಗೂ ಬಾಯಿ ತೆಗೀಬೇಕಲ್ಲ."

ಅವಳು ಮಂಡಿಯೂರಿ ಬಾಗಿಲಿನಡಿಯ ಸಂದಿಗೆ ಬಾಯಿಟ್ಟಳು. ಚಿಕ್ಕಂದಿನಲ್ಲಿ ಕಲಿತದ್ದು ಒಂದು ಸಾಲೂ ನೆನಪಿಗೆ ಬರಲಿಲ್ಲ. "ಯೇಸಪ್ಪಾ, ನನ್ನ ಕೈಲಾಗ್ತಿಲ್ಲ," ಎಂದಳು. ಆ ಮಾತನ್ನು ಅವಳ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. "ನನ್ನ ಕೈಲಾಗ್ತಿಲ್ಲ. ಬಾಗಿಲು ತೆಗೆಸು. ಹೇಗಾದ್ರೂ ತೆಗೆಸು."

ಒಳಗೆ ಏನೋ ಸರಿದ ಸದ್ದು. ಕೆಮ್ಮು. ಮತ್ತೆ ಸದ್ದು. ಆಮೇಲೆ ಏನೂ ಇಲ್ಲ.

ದರ್ಜಿ ತಲೆ ತಗ್ಗಿಸಿದ. ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ನಿಲ್ಲಿಸಿಬಿಡಬೇಕು ಅನ್ನಿಸಿತು ಅವಳಿಗೆ. ಯಾರಿಗೆ ಕೇಳಲೆಂದು? ಆದರೆ ನಿಲ್ಲಿಸಲಿಲ್ಲ. ದನಿ ಮಾತ್ರ ಇಳಿಯಿತು. ಚೌಕಾಸಿಯೆಲ್ಲ ಮುಗಿದವಳ ಹಾಗೆ, "ಅವಳು ನಿನ್ನವಳು. ನಾನೂ," ಎಂದಳು. "ಬಾಗಿಲು ತೆಗೆದ್ರೂ, ತೆಗೀದಿದ್ರೂ."

ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಬಾಗಿಲ ಬುಡದಲ್ಲಿ ಉಗುರು ಪರಚಿದ ಸದ್ದಾಯಿತು, ಅದು ಮೆಲ್ಲಗೆ ಮೇಲೇರಿತು. ಬಹಳ ಹೊತ್ತಿನ ಮೇಲೆ, ಟಕ್ಕೆಂದು ಚಿಲಕ ಸರಿಯಿತು. ದರ್ಜಿ ಬಾಗಿಲು ತಳ್ಳಿ ಅಮ್ಮನನ್ನು ಹೊರಗೆಳೆದ.

ಆಸ್ಪತ್ರೆಯಲ್ಲಿ ಅಮ್ಮ ಆಮ್ಲಜನಕದ ಮುಖವಾಡ ಸರಿಸಿದಳು.

"ಚಿಲಕ ತೆಗೆದದ್ದು ನಾನು. ನಿನ್ನ ಪ್ರಾರ್ಥನೆ ಅಂತ ಜಂಬ ಪಡ್ಬೇಡ." ಉಸಿರು ಎಳೆದುಕೊಂಡಳು. "ತೆಗೀದೇ ಹೋಗಿದ್ರೂ ಅವನು ಒಳಗೇ ಇದ್ದ ಕಣೇ."

"ಗೊತ್ತು," ಎಂದಳು ಮಗಳು. "ಕೊನೇಲಿ ನಾನು ಬಾಗಿಲು ತೆಗೆಸು ಅಂತ ಕೇಳ್ಲೇ ಇಲ್ಲ."

ಸುಟ್ಟಿದೆಯೇ ನೋಡಬೇಕು, ಕೈ ಬಿಡಿಸಿ ಎಂದಳು ನರ್ಸ್, ಮಗಳಿಗೆ. ಅಲ್ಲಿಯವರೆಗೂ ತನ್ನ ಕೈಗಳು ಮುಗಿದೇ ಇದ್ದವೆಂಬುದು ಅವಳಿಗೆ ಆಗ ತಿಳಿಯಿತು. ಅಂಗೈಗಳ ನಡುವೆ ಸೊಟ್ಟಗಾದ ಆ ತಂತಿ ಇತ್ತು.